ಅನುಸೂಯಾಳ ‘ಪರವಾಗಿಲ್ಲ’

ಅನುಸೂಯಾಳ ಬಗ್ಗೆ ನನಗೆ ಗೊತ್ತಿರುವಷ್ಟು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಹೋದ ವರ್ಷದವರೆಗೂ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಹಾಗೆ ಹೇಳುವ ಧೈರ್ಯವಿಲ್ಲ. ಆದರೂ ಬರೆಯುತ್ತಿದ್ದೇನೆ, ಬರೆಯದಿದ್ದರೆ ನನ್ನ ಸಿಟ್ಟು ನನ್ನನ್ನೇ ತಿಂದುಹಾಕುತ್ತದೆ. ಅವಳು ನನಗೆ ಮೋಸ ಮಾಡಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವಳ ಒಳ್ಳೆಯತನವನ್ನೂ ಹೇಳಬೇಕಾಗುತ್ತದೆ, ಆಗ ಈ ವತ್ಸಲಾ ಮೆತ್ತಗಾದಳು ಎಂದು ಯಾರೂ ತಿಳಿಯಬಾರದು.

ಈ ಪರದೇಶದ ಬುಕಿತ್ ಬಾಟೋಕ್ ಬಡಾವಣೆಯಲ್ಲಿ ನಮ್ಮದು ಒಂದೇ ಬ್ಲಾಕ್. ಒಂಬತ್ತನೆಯ ಮಹಡಿಯಲ್ಲಿ ನಾವು, ಹನ್ನೆರಡರಲ್ಲಿ ಅವರು. ಅವಳು, ಗಂಡ ಗಿರಿಧರ್, ಮಗಳು ಜಾನ್ವಿ. ಹನ್ನೊಂದು ವರ್ಷದ ಹಿಂದೆ ಲಿಫ್ಟಿನಲ್ಲಿ ಮೊದಲ ಸಲ ಭೇಟಿಯಾದೆವು. ನಮ್ಮ ಮಹಡಿ ದಾಟಿ ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಅವಳು, “ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ,” ಎಂದು ಕನ್ನಡದಲ್ಲಿ ತನಗೆ ತಾನೇ ಕೇಳಿಕೊಂಡಳು. “ಮಾಡಿರ್ತೀರ ಬಿಡಿ,” ಎಂದೆ. ಅಪರಿಚಿತ ಊರಿನಲ್ಲಿ ಕನ್ನಡ ಕೇಳಿದ ಸಂತೋಷಕ್ಕೆ ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಮತ್ತೆ ಮೇಲೆ ಹೋಗಿ ಗ್ಯಾಸ್ ನೋಡಿಕೊಂಡೇ ಬಂದಳು.

ಅನು ಎಂದರೆ ಹಾಗೆಯೇ. ಮೈಸೂರಿನ ಹುಡುಗಿ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಏನೇನು ಕೆಡಬಹುದು ಎಂದು ದಿನವಿಡೀ ಯೋಚಿಸುವುದೇ ಅವಳ ಉದ್ಯೋಗ, ಅದಕ್ಕೆ ಸಂಬಳ ಬೇರೆ ಎಂದು ನಾನು ರೇಗಿಸುತ್ತಿದ್ದೆ. ಹುಳಿಪುಡಿಯ ಡಬ್ಬಿಯ ಮೇಲೂ ತಾರೀಖು ಬರೆದು ಅಂಟಿಸುತ್ತಿದ್ದಳು. ಜಾನ್ವಿ ಸ್ಕೂಲಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಬ್ಲಾಕಿನ ಬುಡದಲ್ಲಿರುವ ತೆರೆದ ಜಾಗಕ್ಕೆ, ವಾಯ್ಡ್ ಡೆಕ್ಕಿಗೆ, ಇಳಿದು ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದಳು. ಆದರೆ ಯಾರ ಮನೆಯಲ್ಲಿ ಜ್ವರವೆಂದರೂ ಮೊದಲು ಗಂಜಿ ತರುವವಳು ಅವಳೇ. ನನ್ನ ಪಿತ್ತಕೋಶದ ಆಪರೇಷನ್ ಆದಾಗ ಆರು ದಿನ ರಜೆ ಹಾಕಿ ನನ್ನ ಮಂಚದ ಪಕ್ಕ ಕೂತಿದ್ದಳು. ಇಂಥವಳನ್ನು ಪ್ರೀತಿಸದೆ ಇರಲು ನಾನೇನು ಕಲ್ಲೇ?

ಅವಳ ತಂದೆ ತೀರಿಕೊಂಡ ವರ್ಷದ ಜೂನ್ ತಿಂಗಳಲ್ಲಿ ಅದು ಶುರುವಾಯಿತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ, ಎಂಆರ್‌ಟಿ ಟ್ರೇನ್ ತುಂಬಿ ತುಳುಕುತ್ತಿದ್ದಾಗ, ಇದ್ದಕ್ಕಿದ್ದಂತೆ ಅವಳ ಎದೆ ಹಿಡಿದುಕೊಂಡಿತು. ಬೆರಳುಗಳು ಜೋಮು ಹಿಡಿದವು, ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿದ್ದ ಯಾರೋ ಚೀನೀ ಅಜ್ಜಿ ತನ್ನ ಸೀಟು ಬಿಟ್ಟುಕೊಟ್ಟು, ಮುಂದಿನ ಸ್ಟೇಷನ್ನಿನಲ್ಲಿ ಕೈಹಿಡಿದು ಇಳಿಸಿದರಂತೆ. ಹೃದಯಾಘಾತವೆಂದು ಎಲ್ಲರೂ ಗಾಬರಿಯಾದೆವು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಎಂದರು. ಮಾತ್ರೆ ಕೊಟ್ಟರು, ಕೌನ್ಸೆಲಿಂಗ್‌ಗೂ ಕಳಿಸಿದರು. ಆದರೆ ಮರುದಿನದಿಂದ ಅವಳಿಗೆ ಟ್ರೇನ್ ಹತ್ತಲು ಆಗಲಿಲ್ಲ. ಬಾಗಿಲು ಮುಚ್ಚುವ ಸದ್ದು ಕೇಳಿದರೆ ಸಾಕು, ಉಸಿರು ನಿಲ್ಲುತ್ತದೆ ಎನ್ನುತ್ತಿದ್ದಳು.

ಇಲ್ಲಿ ನಾನು ರಂಗಕ್ಕೆ ಇಳಿದೆ. ಇಪ್ಪತ್ತು ವರ್ಷ ನರ್ಸರಿ ಟೀಚರ್ ಆಗಿದ್ದವಳು ನಾನು, ಈಗಲೂ ವಾರಕ್ಕೆ ಮೂರು ದಿನ ಜುರಾಂಗ್ ವೆಸ್ಟಿನ ಒಂದು ಪುಟ್ಟ ಶಾಲೆಗೆ ಹೋಗುತ್ತೇನೆ. ಅಳುವ ಮಗುವನ್ನು ಗೇಟಿನಿಂದ ಕ್ಲಾಸಿಗೆ ಕರೆದೊಯ್ಯುವುದು ನನಗೆ ಕರತಲಾಮಲಕ. “ನಾಳೆಯಿಂದ ನಾನು ಬರ್ತೀನಿ ನಿನ್ ಜೊತೆ,” ಎಂದೆ. ದಿನಾ ಬೆಳಿಗ್ಗೆ ಏಳೂ ನಲವತ್ತಕ್ಕೆ ಅವಳ ಬ್ಯಾಗ್ ನಾನು ಹಿಡಿದು, ಅವಳ ಕೈಯನ್ನೂ ಹಿಡಿದು, ಜುರಾಂಗ್ ಈಸ್ಟ್‌ನಲ್ಲಿ ಟ್ರೇನ್ ಬದಲಿಸಿ, ಬುವೊನಾ ವಿಸ್ಟಾದಲ್ಲಿ ಅವಳ ಆಫೀಸಿನ ಬಾಗಿಲವರೆಗೆ ಬಿಟ್ಟು, ನಾನು ವಾಪಸ್ ಬರುತ್ತಿದ್ದೆ. ಒಂದು ದಿನವಲ್ಲ, ಒಂದು ತಿಂಗಳಲ್ಲ, ಒಂದೂವರೆ ವರ್ಷ. ಸಂಜೆ ಗಿರಿಧರ್ ಕರೆತರುತ್ತಿದ್ದರು.

ಪ್ರತಿದಿನ ಇಳಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಇವತ್ತು ಹೇಗಿತ್ತು ಅನು? ನಿನ್ನೆಗಿಂತ ಬೆಟರ್?”

“ಪರವಾಗಿಲ್ಲ,” ಎನ್ನುತ್ತಿದ್ದಳು.

ಆ ಒಂದು ಮಾತಿಗೆ ನನ್ನ ದಿನವೆಲ್ಲ ಬೆಳಗುತ್ತಿತ್ತು. ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ನರ್ಸರಿ ಮಕ್ಕಳಿಗೆ ಕೊಡುವ ನಕ್ಷತ್ರದ ಸ್ಟಿಕ್ಕರ್ ಅಂಟಿಸುತ್ತಿದ್ದೆ. ನಗಬೇಡಿ. ಅವಳಿಗೂ ತೋರಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಸಂಕ್ರಾಂತಿಯ ದಿನ ನಾನೊಂದು ಹರಕೆ ಹೊತ್ತೆ. ಅನು ಒಬ್ಬಳೇ ಓಡಾಡುವಂತಾಗಲಿ ಎಂದು ನಲವತ್ತೆಂಟು ದಿನ ಒಪ್ಪೊತ್ತು, ಬೆಳಗಿನ ಜಾವ ತುಪ್ಪದ ದೀಪ. ದಿನಕ್ಕೆ ಒಂದೇ ಊಟ ಮಾಡುವುದು ನನ್ನಂಥ ತಿಂಡಿಪೋತಿಗೆ ಎಂಥ ಶಿಕ್ಷೆಯೆಂದು ನನ್ನನ್ನು ಬಲ್ಲವರಿಗೆ ಗೊತ್ತು. ನನ್ನ ಗಂಡ ಅನಂತರಾಮ್ ಎದುರು ಕೂತು ದೋಸೆ ತಿನ್ನಲು ಸಂಕೋಚಪಟ್ಟು ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಗೆ ಹೋಗಿ ತಿಂದು ಬರುತ್ತಿದ್ದರು. ಅನುವಿಗೆ ಹೇಳಿದಾಗ ಅವಳ ಮುಖ ಒಂದು ಥರ ಆಯಿತು. “ನನಗೋಸ್ಕರ ಇಷ್ಟೆಲ್ಲ ಬೇಡ ವತ್ಸಲಾ,” ಎಂದಳು. “ಸುಮ್ನಿರೇ, ನಿನಗೇನು ಗೊತ್ತು,” ಎಂದು ಬಾಯಿ ಮುಚ್ಚಿಸಿದೆ. ಶುಕ್ರವಾರ ಶುಕ್ರವಾರ ಸ್ಟೀಲ್ ಡಬ್ಬಿಯಲ್ಲಿ ಪ್ರಸಾದ ಕಳಿಸುತ್ತಿದ್ದೆ.

ಇಪ್ಪತ್ತನೆಯ ದಿನ ಅವಳು ಫೋನ್ ಮಾಡಿ, “ಇವತ್ತು ಬರಬೇಡ. ಒಬ್ಬಳೇ ಟ್ರೈ ಮಾಡ್ತೀನಿ,” ಎಂದಳು. ಹೋಗಿಯೂಬಿಟ್ಟಳು. ಆಫೀಸಿನಿಂದ ‘ತಲುಪಿದೆ’ ಎಂದು ಮೆಸೇಜ್ ಬಂದಾಗ ನಾನು ದೇವರ ಮುಂದೆ ಕೂತು ಅತ್ತೆ. ಆಮೇಲೆ ಎದ್ದು ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆಲ್ಲ ಸಾರಿದೆ. ದೇವರು ಕಣ್ಣು ಬಿಟ್ಟ, ಹರಕೆ ಫಲಿಸಿತು. ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಅನುವೂ ಒಂದು ಕಳಿಸಿದಳು.

ಈಗ ಡಬ್ಬಿಯ ವಿಷಯ. ನಮ್ಮಲ್ಲಿ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಲವತ್ತೊಂದನೆಯ ದಿನ, ಗುರುವಾರ, ಜಾನ್ವಿ ಬಂದು ಡಬ್ಬಿ ಕೊಟ್ಟು ಹೋದಳು. ಒಳಗೆ ಅನು ಕರಿದ ಚಕ್ಕುಲಿ. ಎಣ್ಣೆ ಹೀರಿಕೊಳ್ಳಲೆಂದು ತಳಕ್ಕೆ ಪ್ರಿಂಟ್ ಆದ ಹಳೆಯ ಕಾಗದವೊಂದನ್ನು ಮಡಿಸಿ ಹಾಸಿದ್ದಳು. ಆಫೀಸಿನ ರದ್ದಿ ಕಾಗದವನ್ನು ಹೀಗೆ ಉಪಯೋಗಿಸುವುದು ಅವಳ ಅಭ್ಯಾಸ, ಎಸೆಯಲು ಮನಸ್ಸು ಬರುವುದಿಲ್ಲ. ಆದರೆ ಈ ಕಾಗದದಲ್ಲಿ ಕನ್ನಡ ಅಕ್ಷರ ಕಂಡಿತು. ಕನ್ನಡ ಕಂಡರೆ ಓದದೆ ಬಿಡುವ ಜಾಯಮಾನ ನನ್ನದಲ್ಲ.

ಮೇಲೆ ‘ಪ್ರಾರ್ಥನಾ ವಿಷಯಗಳು’ ಎಂದಿತ್ತು. ಅದರ ಕೆಳಗೆ ‘ಡಿಸೆಂಬರ್, ಎರಡನೆಯ ಶನಿವಾರ, ಜ್ಯೋತ್ಸ್ನಾ ಅವರ ಮನೆ, ಹೌಗಾಂಗ್’. ಒಂದು, ಎರಡು, ಮೂರು ಎಂದು ಯಾರ ಯಾರದೋ ಕಾಯಿಲೆ, ಕೆಲಸ, ಪರೀಕ್ಷೆ. ನಾಲ್ಕನೆಯದು ಹೀಗಿತ್ತು: ‘ಸಹೋದರಿ ಅನುಸೂಯಾ. ಟ್ರೇನಿನಲ್ಲಿ ಒಬ್ಬರೇ ಇಲ್ಲಿಯವರೆಗೆ ಬರಲು ಧೈರ್ಯ ಕೊಟ್ಟದ್ದಕ್ಕಾಗಿ ಕರ್ತನಿಗೆ ಸ್ತೋತ್ರ. ಅವರ ಗೆಳತಿ ವತ್ಸಲಾ ಅವರಿಗಾಗಿ ಪ್ರಾರ್ಥಿಸೋಣ.’

ನನ್ನ ಹೆಸರಿನ ಮೇಲೆ ಎಣ್ಣೆ ಹರಡಿತ್ತು.

ಜ್ಯೋತ್ಸ್ನಾ ಅನುವಿನ ಆಫೀಸಿನವಳು, ಧಾರವಾಡದ ಕಡೆಯ ಕ್ರೈಸ್ತಳು. ಒಮ್ಮೆ ದೀಪಾವಳಿಗೆ ಬಂದಿದ್ದಳು, ಗಟ್ಟಿಯಾಗಿ ನಗುವ ಹೆಂಗಸು. ನನಗೆ ಅವಳ ಧರ್ಮದ ಮೇಲೆ ಸಿಟ್ಟಿರಲಿಲ್ಲ, ನಮ್ಮ ಬ್ಲಾಕಿನಲ್ಲಿ ಎಲ್ಲ ದೇವರುಗಳೂ ಒಂದೇ ಲಿಫ್ಟಿನಲ್ಲಿ ಓಡಾಡುತ್ತಾರೆ. ನನ್ನ ಮೈ ಉರಿದದ್ದು ತಾರೀಖು ನೋಡಿ. ಡಿಸೆಂಬರ್! ಬುಕಿತ್ ಬಾಟೋಕ್‌ನಿಂದ ಹೌಗಾಂಗ್‌ಗೆ ಮೂರು ಸಲ ಟ್ರೇನ್ ಬದಲಿಸಬೇಕು, ಅರ್ಧ ದಾರಿ ನೆಲದಡಿಯಲ್ಲಿ. ಡಿಸೆಂಬರಿನಲ್ಲಿಯೇ ಶನಿವಾರ ಒಬ್ಬಳೇ ಅಷ್ಟು ದೂರ ಹೋಗಿಬರುತ್ತಿದ್ದವಳು, ಸೋಮವಾರ ಬೆಳಿಗ್ಗೆ ನನ್ನ ಕೈಗೆ ಬ್ಯಾಗ್ ಕೊಟ್ಟು, ನನ್ನ ಕೈ ಹಿಡಿದುಕೊಂಡು ಆಫೀಸಿಗೆ ಹೋಗುತ್ತಿದ್ದಳು. ಅದರ ಮೇಲೆ ಸಂಕ್ರಾಂತಿಗೆ ನಾನು ಹರಕೆ ಹೊತ್ತೆ, ಹೊಟ್ಟೆ ಕಟ್ಟಿದೆ, ಅವಳು ನೋಡುತ್ತ ಕೂತಳು. ಇಷ್ಟು ಸಾಲದೆಂದು ಯಾರೋ ಮುಖ ಪರಿಚಯವಿಲ್ಲದ ಏಳೆಂಟು ಜನ ನನ್ನನ್ನು ಉದ್ಧಾರ ಮಾಡೆಂದು ತಮ್ಮ ದೇವರಿಗೆ ಅರ್ಜಿ ಹಾಕಿದ್ದರು. ಮೂಲವ್ಯಾಧಿಯವರ ಕೆಳಗೆ, ವೀಸಾ ಆಗದವರ ಮೇಲೆ, ನಾನು.

ಡಬ್ಬಿ ಹಿಡಿದುಕೊಂಡೇ ಮೂರು ಮಹಡಿ ಮೆಟ್ಟಿಲು ಹತ್ತಿದೆ. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ. ಅನು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಗಿರಿಧರ್ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಬಾಗಿಲು ತೆರೆದರು. ಒಳ್ಳೆಯದೇ ಆಯಿತು, ಅವರಿಗೆ ಗೊತ್ತಾಗಲಿ ಹೆಂಡತಿಯ ಬಂಡವಾಳ ಎಂದುಕೊಂಡೆ. ನನಗೆ ನಾಚಿಕೆಯಾಗುತ್ತದೆ ಹೇಳಲು, ಆದರೆ ಹೌದು, ಅವಳ ಗುಟ್ಟನ್ನು ಗಂಡನ ಮುಂದೆ ಬಯಲು ಮಾಡಲೆಂದೇ ಆ ಕಾಗದ ಬಿಡಿಸಿದೆ.

“ನೋಡಿ ಗಿರಿಧರ್, ನಿಮ್ಮ ಹೆಂಡತಿ ಎಲ್ಲಿಗೆ ಹೋಗ್ತಾಳೆ ಅಂತ ಗೊತ್ತಾ ನಿಮಗೆ?”

ಅವರು ಕಾಗದ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಗೊತ್ತು ವತ್ಸಲಾ ಅವರೇ. ನವೆಂಬರ್‌ನಿಂದ ಹೋಗ್ತಿದ್ದಾಳೆ. ಮೊದಲ ಸಲ ಹೋಗಿ ಬಂದ ದಿನಾನೇ ಹೇಳಿದ್ಲು.”

“ನೀವು ಒಪ್ಪಿದ್ರಾ?”

“ಒಪ್ಪೋದೇನು ಬಂತು. ನನಗೆ ಅದೆಲ್ಲ ಅರ್ಥ ಆಗಲ್ಲ. ಆದ್ರೆ ನಿದ್ದೆ ಮಾಡ್ತಿದ್ದಾಳೆ. ಒಂದು ವರ್ಷ ಆಗಿತ್ತು ಅವಳು ಸರಿಯಾಗಿ ನಿದ್ದೆ ಮಾಡಿ.”

ಒಳಗಿನಿಂದ ಜಾನ್ವಿ ಇಣುಕಿದಳು. “ಅಮ್ಮ ಈಸ್ ಓಕೆ ಲಾ, ಆಂಟಿ. ಅಜ್ಜಿಗೂ ಹೇಳಿದ್ದಾರೆ.”

ಮೈಸೂರಿನ ಅಜ್ಜಿಗೂ! ಮಡಿಯಲ್ಲಿ ಅಡುಗೆ ಮಾಡುವ ಆ ಮುದುಕಿಗೂ ಗೊತ್ತು. ಮನೆಮಂದಿಗೆಲ್ಲ ಗೊತ್ತಿದ್ದ ಗುಟ್ಟು ನನ್ನೊಬ್ಬಳಿಂದ ಮುಚ್ಚಿಟ್ಟದ್ದು. ಗುಂಪಿನಲ್ಲಿ ನಾನು ‘ಹರಕೆ ಫಲಿಸಿತು’ ಎಂದು ಕುಣಿದಾಗ ಇವರೆಲ್ಲ ಈ ಮನೆಯಲ್ಲಿ ಕೂತು ಅದನ್ನು ಓದಿದ್ದಾರೆ. ಚಕ್ಕುಲಿ ಸಮೇತ ಡಬ್ಬಿಯನ್ನು ಅವರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಬಂದುಬಿಟ್ಟೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅನು ವಾಯ್ಡ್ ಡೆಕ್ಕಿಗೆ ಬಾ ಎಂದು ಮೆಸೇಜ್ ಮಾಡಿದಳು. ಹೋಗಬಾರದೆಂದುಕೊಂಡೇ ಹೋದೆ. ಕಲ್ಲಿನ ಮೇಜಿನ ಹತ್ತಿರ ಕೂತಿದ್ದಳು. ಆ ತುದಿಯಲ್ಲಿ ಇಬ್ಬರು ಅಂಕಲ್‌ಗಳು ಚೆಸ್ ಆಡುತ್ತಿದ್ದರು. ಅವರಿಗೆ ಕನ್ನಡ ಬಾರದ್ದು ಒಳ್ಳೆಯದಾಯಿತು.

“ಎಷ್ಟು ದಿನದಿಂದ ನನ್ನ ಕಣ್ಣಿಗೆ ಮಣ್ಣೆರಚ್ತಿದೀಯ?” ಎಂದೆ. ನಮಸ್ಕಾರ ಇಲ್ಲ, ಏನಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ನವೆಂಬರಿನಲ್ಲಿ ಆಫೀಸಿನ ಪ್ಯಾಂಟ್ರಿಯಲ್ಲಿ ಅವಳಿಗೆ ಮತ್ತೆ ಆ ಥರ ಆಯಿತಂತೆ. ನೆಲದ ಮೇಲೆ ಕುಸಿದು ಕೂತಳಂತೆ. ಜ್ಯೋತ್ಸ್ನಾ ಬಂದು ಪಕ್ಕದಲ್ಲಿ ತಾನೂ ನೆಲದ ಮೇಲೆಯೇ ಕೂತು, “ಪ್ರಾರ್ಥನೆ ಮಾಡಲಾ?” ಎಂದಳಂತೆ.

“ಮಂತ್ರ, ಶ್ಲೋಕ ಏನೂ ಇಲ್ಲ ವತ್ಸಲಾ. ಆಫೀಸಲ್ಲಿ ಅವಳು ನಮ್ಮ ಥರಾನೇ ಮಾತಾಡೋದು. ಪ್ರಾರ್ಥನೆಗೆ ಮಾತ್ರ ಅವಳ ಊರಿನ ಮಾತು ಬಂತು. ‘ಯೇಸಪ್ಪಾ, ಈಕೀಗೆ ಭಾಳ ಅಂಜಿಕಿ ಆಗೇದ. ಈಕಿ ಕೈ ಬಿಡಬ್ಯಾಡ.’ ಅಷ್ಟೇ. ವಾಸಿ ಮಾಡು ಅಂತಾನೂ ಕೇಳ್ಲಿಲ್ಲ. ಆಮೇಲೆ ಸುಮ್ನೆ ನನ್ನ ಪಕ್ಕ ಕೂತಿದ್ಲು.”

“ಅದಕ್ಕೇ ಕರಗಿಹೋದೆಯಾ?”

“ಹೂಂ. ಅದಕ್ಕೇ.”

ಮೊದಲ ಎರಡು ಶನಿವಾರ ಜ್ಯೋತ್ಸ್ನಾ ಬಂದು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳಂತೆ. ಮೂರನೆಯ ಸಲ ಒಬ್ಬಳೇ ಹೊರಟಳು. ದಾರಿಯಲ್ಲಿ ಸೆರಂಗೂನ್ ಸ್ಟೇಷನ್ನಿನಲ್ಲಿ, ನೆಲದಡಿಯಲ್ಲಿ, ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಎರಡು ಟ್ರೇನ್ ಬಂದು ಹೋದವು.

“ಅಲ್ಲಿ ಕೂತು ಬಾಯಿಬಿಟ್ಟು ಹೇಳ್ದೆ. ಯೇಸುವೇ, ನನ್ನ ಕೈಲಿ ಆಗಲ್ಲ, ನನಗೆ ಭಯ, ಅಪ್ಪ ಹೋದ ಹಾಗೆ ನಾನೂ ಹೋಗ್ಬಿಡ್ತೀನಿ ಅಂತ ಭಯ, ಜಾನ್ವಿ ಒಬ್ಬಳೇ ಆಗ್ತಾಳೆ ಅಂತ ಭಯ. ಎಲ್ಲಾ ಹೇಳ್ದೆ. ಭಯ ಹೋಗ್ಲಿಲ್ಲ. ಆದ್ರೆ ಯಾರೋ ಪೂರ್ತಿ ಕೇಳಿಸ್ಕೊಂಡ್ರು ಅನ್ನಿಸ್ತು. ಎದೆ ಒಳಗೆ ಒಂದು ಸಮಾಧಾನ ಬಂತು, ಹೇಗೆ ಹೇಳ್ಲಿ, ಅಳು ಮುಗಿದ ಮೇಲೆ ಬರುತ್ತಲ್ಲ ಆ ಥರ. ಮೂರನೇ ಟ್ರೇನ್ ಹತ್ತಿದೆ. ಈಗಲೂ ಭಯ ಬರುತ್ತೆ. ಮಾತ್ರೆ ಈಗಲೂ ತಗೊಳ್ತೀನಿ. ಆದ್ರೆ ಭಯ ಬಂದಾಗ ಒಬ್ಬಳೇ ಇರಲ್ಲ.”

ನನಗೆ ತಡೆಯಲಾಗಲಿಲ್ಲ. “ಒಬ್ಬಳೇ? ಒಂದೂವರೆ ವರ್ಷ ನಿನ್ನ ಬ್ಯಾಗ್ ಹಿಡ್ಕೊಂಡು ನಿನ್ನ ಪಕ್ಕ ನಿಂತಿದ್ದವಳು ಯಾರೇ? ನಾನು ಕಂಬಾನಾ?”

ಚೆಸ್ ಆಡುತ್ತಿದ್ದವರು ತಲೆಯೆತ್ತಿ ನೋಡಿದರು.

“ನೀನಿದ್ದೆ,” ಎಂದಳು ಅನು. “ನೀನಿಲ್ಲದಿದ್ರೆ ಕೆಲಸ ಬಿಡಬೇಕಾಗ್ತಿತ್ತು. ಆದ್ರೆ ನಿನ್ನ ಮುಂದೆ ನಾನು ದಿನಾ ವಾಸಿ ಆಗ್ತಿರಬೇಕಿತ್ತು ವತ್ಸಲಾ. ಇಳಿದ ತಕ್ಷಣ ನೀನು ಬೆಟರಾ ಅಂತ ಕೇಳ್ತಿದ್ದೆ. ಮೊದಲನೇ ವಾರ ಒಂದು ದಿನ, ಇಲ್ಲ, ಇವತ್ತು ನಿನ್ನೆಗಿಂತ ಕೆಟ್ಟದಾಗಿತ್ತು ಅಂದೆ. ನಿನ್ನ ಮುಖ ಸಪ್ಪಗಾಯ್ತು. ನನ್ನ ಕೈಲಿ ನೋಡೋಕಾಗ್ಲಿಲ್ಲ. ಅವತ್ತಿಂದ ಪರವಾಗಿಲ್ಲ ಅನ್ನೋಕೆ ಶುರು ಮಾಡ್ದೆ.”

“ಅಂದ್ರೆ ಅಷ್ಟು ದಿನ ಹೇಳಿದ್ದು...”

“ಸುಳ್ಳು. ಬಹಳ ದಿನ ಸುಳ್ಳೇ. ಟ್ರೇನಲ್ಲಿ ಭಯ, ಇಳಿದ ಮೇಲೆ ನಿನಗೆ ಏನು ಹೇಳೋದು ಅಂತ ಭಯ.”

ಕ್ಯಾಲೆಂಡರಿನ ತುಂಬ ಇದ್ದ ನಕ್ಷತ್ರಗಳು ನನ್ನ ಕಣ್ಣ ಮುಂದೆ ಬಂದವು. ಹೌಗಾಂಗ್ ಸಂಗತಿ ತಿಳಿದಾಗ ಉರಿದ ಮೈ ಈಗ ತಣ್ಣಗಾಯಿತು. ಮೂರು ತಿಂಗಳ ಮೋಸವನ್ನು ಹೇಗೋ ನುಂಗಬಹುದು, ಇದು ಮೊದಲ ವಾರದಿಂದಲೇ ಶುರುವಾದದ್ದು.

“ಮತ್ತೆ ಆ ಚೀಟಿ? ನನ್ನನ್ನ ಉದ್ಧಾರ ಮಾಡು ಅಂತ ಯಾರು ಕೇಳಿದ್ರು ನಿಮ್ಮನ್ನ?”

ಅವಳು ತಲೆ ಅಲ್ಲಾಡಿಸಿದಳು. “ನಿನ್ನನ್ನ ಬದಲಾಯಿಸು ಅಂತ ನಾನು ಕೇಳೇ ಇಲ್ಲ. ಗಂಡನಿಗೆ ಹೇಳ್ದೆ, ಮಗಳಿಗೆ ಹೇಳ್ದೆ, ಅಮ್ಮನಿಗೂ ಹೇಳ್ದೆ, ವತ್ಸಲಾಗೆ ಹೇಳೋಕೆ ಮಾತ್ರ ಧೈರ್ಯ ಬರ್ತಿಲ್ಲ, ಪ್ರಾರ್ಥನೆ ಮಾಡಿ ಅಂದೆ. ಜ್ಯೋತ್ಸ್ನಾ ಟೈಪ್ ಮಾಡೋವಾಗ ಚಿಕ್ಕದು ಮಾಡಿದ್ಲು.”

ಅಂದರೆ ಸುರಂಗದ ಟ್ರೇನಿಗೆ ಸಿಕ್ಕ ಧೈರ್ಯ ನನ್ನ ಹತ್ತಿರ ಬರಲು ಸಾಲಲಿಲ್ಲ. ಏಳೆಂಟು ಜನ ಕೂತು ಪ್ರಾರ್ಥಿಸಿದರೂ ಸಾಲಲಿಲ್ಲ, ಕೊನೆಗೆ ಹೇಳಿದ್ದು ಚಕ್ಕುಲಿ ಕಾಗದ.

“ನಾನು ಒಪ್ಪೊತ್ತು ಮಾಡ್ತಿದ್ದಾಗಲೂ ಬಾಯಿ ಬರ್ಲಿಲ್ವಾ ನಿನಗೆ?”

ಅಲ್ಲಿಯವರೆಗೆ ಅಳದವಳು ಆಗ ಅತ್ತಳು. “ಅದು ತಪ್ಪು. ಕ್ಷಮಿಸು.”

“ಕ್ಷಮಿಸೋದು ನಿಮ್ಮ ಯೇಸುವಿಗೆ ಸುಲಭ ಇರಬಹುದು. ನನಗಲ್ಲ,” ಎಂದು ಎದ್ದು ಬಂದೆ. ಚುಚ್ಚಬೇಕೆಂದೇ ಆಡಿದ ಮಾತು. ಚುಚ್ಚಿತು ಎಂದು ಅವಳ ಮುಖ ನೋಡಿ ಗೊತ್ತಾಯಿತು.

ಹರಕೆಯ ಉಳಿದ ದಿನಗಳನ್ನು ಮುಗಿಸಿದೆ. ಅದು ಅವಳಿಗೆ ಹೇಳಿಕೊಂಡದ್ದಲ್ಲ, ದೇವರಿಗೆ ಹೇಳಿಕೊಂಡದ್ದು. ಆದರೆ ಐದು ವಾರ ಅವಳ ಮುಖ ನೋಡಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಅವಳಿದ್ದರೆ, ಮೊಬೈಲ್ ಮರೆತೆ ಎಂದು ಗೊಣಗಿ ವಾಪಸ್ ಹೋಗುತ್ತಿದ್ದೆ. ಗುಂಪಿನಲ್ಲಿ ಯಾರಾದರೂ ಅನು ಹೇಗಿದ್ದಾಳೆ ಎಂದು ಕೇಳಿದರೆ ಅವಳನ್ನೇ ಕೇಳಿ ಎನ್ನುತ್ತಿದ್ದೆ. ನಾನಾಗಿ ಯಾರಿಗೂ ವಿಷಯ ಹೇಳಲಿಲ್ಲ. ಅಷ್ಟು ಮಾತ್ರ ನನ್ನ ಕಡೆಯ ಒಳ್ಳೆಯತನ. ಮನೆಯಲ್ಲಿ ಅನಂತರಾಮ್ ಒಂದು ದಿನ, “ನಾನೂ ನಿನಗೆ ಎಷ್ಟೋ ಸಲ ಪರವಾಗಿಲ್ಲ ಅಂತಾನೇ ಹೇಳೋದು,” ಎಂದರು. ಅವರನ್ನೂ ಎರಡು ದಿನ ಮಾತಾಡಿಸಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಶಾಲೆಯಲ್ಲಿ ಮಕ್ಕಳ ಫೋಟೋ ತೆಗೆಸುವುದಿತ್ತು, ನಾನು ಬೇಗ ಹೊರಟಿದ್ದೆ. ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನೋಡಿದರೆ ಸ್ವಲ್ಪ ದೂರದಲ್ಲಿ ಅನು. ನಾನು ತಲೆ ತಿರುಗಿಸಿದೆ. ಅವಳು ನೇರ ನನ್ನ ಕಡೆಗೇ ನಡೆದು ಬಂದು ಪಕ್ಕದಲ್ಲಿ ನಿಂತಳು. ಗುಡ್ ಮಾರ್ನಿಂಗ್ ಇಲ್ಲ, ಕ್ಷಮಿಸು ಇಲ್ಲ.

“ಇವತ್ತು ಚೆನ್ನಾಗಿಲ್ಲ ವತ್ಸಲಾ,” ಎಂದಳು. “ಎದ್ದಾಗಿಂದ ಕೈ ನಡುಗ್ತಿದೆ. ಪ್ರಾರ್ಥನೆ ಮಾಡ್ದೆ, ಇನ್ನೂ ನಡುಗ್ತಿದೆ.”

ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಉಪಾಯಗಳು ಬಂದು ನಿಂತವು. ನೀರು ಕುಡಿ, ಉಸಿರು ಎಣಿಸು, ಬ್ಯಾಗ್ ಕೊಡು, ರಜೆ ಹಾಕು, ನಿನ್ನೆಗಿಂತ ಹೇಗೆ? ಎಲ್ಲವನ್ನೂ ನುಂಗಿಕೊಂಡೆ. ಏನೂ ಹೇಳದೆ ಒಬ್ಬರ ಪಕ್ಕ ನಿಲ್ಲುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

“ಹೂಂ,” ಎಂದೆ.

ಟ್ರೇನ್ ಬಂತು. ಇಬ್ಬರೂ ಹತ್ತಿದೆವು. ಬಾಗಿಲು ಮುಚ್ಚಿತು. ಅವಳು ಕಂಬಿ ಹಿಡಿದು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ತನ್ನ ದೇವರ ಜೊತೆ ಮಾತಾಡುತ್ತಿದ್ದಳು. ಕೈ ನಡುಗುತ್ತಲೇ ಇತ್ತು. ನಾನು ಹಿಡಿಯಲಿಲ್ಲ, ಅವಳು ಕೇಳಲೂ ಇಲ್ಲ. ಜುರಾಂಗ್ ಈಸ್ಟ್‌ನಲ್ಲಿ ಇಳಿದು ಅವಳು ಆ ಕಡೆಯ ಪ್ಲಾಟ್‌ಫಾರ್ಮಿಗೆ ಹೋದಳು, ನಾನು ಈ ಕಡೆಗೆ. ಅವಳ ಮೇಲಿನ ನನ್ನ ಸಿಟ್ಟು ಹಾಗೆಯೇ ಇತ್ತು, ಈಗಲೂ ಇದೆ. ಆದರೆ ಅಷ್ಟು ವರ್ಷಗಳಲ್ಲಿ ಅವಳು ತನ್ನ ಭಯದ ಬಗ್ಗೆ ನನಗೆ, ನನ್ನ ಮುಖ ಏನಾದೀತು ಎಂದು ಹೆದರದೆ, ತಾನಾಗಿ ಬಂದು ಹೇಳಿದ್ದು ಅದೇ ಮೊದಲು. ನನ್ನ ಟ್ರೇನ್ ಬಂದು ಹೋಯಿತು. ನಾನು ಹತ್ತದೆ ನಿಂತು ಅತ್ತೆ.